ಪಗ್: ಮುದ್ದು ಮುಖದ ಹಿಂದಿನ ಏದುಸಿರು

2003ರಲ್ಲಿ ನಮ್ಮ ಟಿ.ವಿ. ಪರದೆಗಳ ಮೇಲೆ ಒಂದು ಪುಟ್ಟ ನಾಯಿ ಕಾಣಿಸಿಕೊಂಡಿತು. ಸುಕ್ಕುಗಟ್ಟಿದ ಹಣೆ, ಕಾಡಿಗೆ ಬಳಿದಂತೆ ಕಪ್ಪಾದ ಚಪ್ಪಟೆ ಮೂತಿ, ಹೊರಚಾಚಿದ ದುಂಡು ಕಣ್ಣು, ಸುರುಳಿ ಬಾಲ. ಒಬ್ಬ ಹುಡುಗ ಹೋದಲ್ಲೆಲ್ಲ ಅದು ಅವನ ಬೆನ್ನಟ್ಟಿ ಹೋಗುತ್ತಿತ್ತು. ಎಲ್ಲಿಗೆ ಹೋದರೂ ನಮ್ಮ ಮೊಬೈಲ್ ಸಂಪರ್ಕ ನಿಮ್ಮ ಹಿಂದೆಯೇ ಇರುತ್ತದೆ ಎಂದು ಹೇಳಲು ಹಚ್ ಕಂಪೆನಿ ಮಾಡಿಸಿದ ಜಾಹೀರಾತು ಅದು. ನಿರ್ದೇಶಿಸಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮ. 2007ರಲ್ಲಿ ಹಚ್ ಹೋಗಿ ವೊಡಾಫೋನ್ ಬಂತು, 2020ರಲ್ಲಿ ಅದೂ ‘ವಿ’ ಆಯಿತು. ಆದರೆ ನಾಯಿಗೆ ಬಿದ್ದ ಹೆಸರು ಬಿದ್ದೇ ಹೋಯಿತು. ನಾಯಿಯನ್ನು ಓಡಿಸಲು ‘ಹಚಾ’ ಎನ್ನುವ ನಾಡಿನಲ್ಲಿ ‘ಹಚ್ ನಾಯಿ’ ಎಂಬುದು ಮುದ್ದಿನ ಹೆಸರಾಯಿತು!

ಅಲ್ಲಿಯವರೆಗೆ ನಾಯಿ ಎಂದರೆ ಮನೆ ಕಾಯುವ ಜೀವ ಎಂದುಕೊಂಡಿದ್ದ ಎಷ್ಟೋ ಮನೆಗಳಿಗೆ ಪಗ್ ಬಂತು. ಎರಡು ಕೋಣೆಯ ಫ್ಲಾಟ್‌ಗೆ ಹೇಳಿ ಮಾಡಿಸಿದ ಗಾತ್ರ. ಹೆಚ್ಚು ಬೊಗಳದು, ಮಕ್ಕಳೊಡನೆ ಹೊಂದಿಕೊಳ್ಳುತ್ತದೆ, ಮಡಿಲು ಸಿಕ್ಕರೆ ಅದಕ್ಕೆ ಮತ್ತೇನೂ ಬೇಡ. ಇವೆಲ್ಲ ನಿಜವೇ. ಆದರೆ ಯಾವ ಮುಖ ನೋಡಿ ನಾವು ಮರುಳಾಗುತ್ತೇವೋ ಆ ಮುಖವೇ ಈ ನಾಯಿಯ ಕಷ್ಟಕ್ಕೆ ಮೂಲ ಎಂಬುದು ಕೊಳ್ಳುವ ಹೊತ್ತಿಗೆ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ಆ ಮುಖ ಹೀಗೇ ಇದ್ದದ್ದೂ ಅಲ್ಲ. ಅದನ್ನು ಹೀಗೆ ಮಾಡಿದ್ದು ಮನುಷ್ಯರ ಅಭಿರುಚಿ.

ಅರಮನೆಯ ಮಡಿಲಿನಿಂದ

ನಾಯಿಯನ್ನು ಮನುಷ್ಯ ಸಾಕಿದ್ದು ಬಹುಪಾಲು ಕೆಲಸಕ್ಕಾಗಿ. ಬೇಟೆಗೊಂದು ತಳಿ, ಕುರಿ ಕಾಯಲು ಒಂದು, ಕಾವಲಿಗೆ ಇನ್ನೊಂದು. ನಮ್ಮಲ್ಲೇ ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಶಾಸನವು ಹಂದಿಯೊಡನೆ ಕಾದಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ನೆನಪಿಗೆ ನಿಂತ ಕಲ್ಲು. ಓಟಕ್ಕೆ ಹೆಸರಾದ ಮುಧೋಳ ನಾಯಿಯ ನೀಳ ಮೂತಿ, ಸೆಳೆದ ಹೊಟ್ಟೆ, ಉದ್ದ ಕಾಲು ಎಲ್ಲವೂ ಅದರ ಕೆಲಸಕ್ಕೆ ತಕ್ಕಂತೆ ರೂಪುಗೊಂಡವು.

ಪಗ್‌ನ ಕಥೆ ಬೇರೆ. ಅದರ ಪೂರ್ವಿಕರು ಚೀನಾದ ಅರಮನೆಗಳಲ್ಲಿ ಬೆಳೆದವು. ಅವಕ್ಕೆ ಇದ್ದ ಕೆಲಸ ಒಂದೇ, ಒಡೆಯರ ಜೊತೆಗಿರುವುದು. ಹಣೆಯ ಸುಕ್ಕುಗಳು ಚೀನೀ ಲಿಪಿಯಲ್ಲಿ ‘ರಾಜ’ ಎಂಬರ್ಥದ ಅಕ್ಷರವನ್ನು ಹೋಲಬೇಕೆಂದು ಅಲ್ಲಿನವರು ಬಯಸುತ್ತಿದ್ದರು ಎಂಬ ಮಾತಿದೆ. ಮೂರು ಅಡ್ಡ ಗೆರೆ, ನಡುವೆ ಒಂದು ಉದ್ದ ಗೆರೆ ಎಳೆದರೆ ಆ ಅಕ್ಷರ ಆಯಿತು. ಯಾವುದಾದರೂ ಪಗ್‌ನ ಹಣೆಯನ್ನು ಗಮನಿಸಿ ನೋಡಿದರೆ ಈ ಮಾತು ಹೇಗೆ ಹುಟ್ಟಿತೆಂದು ತಿಳಿಯುತ್ತದೆ.

ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಪೂರ್ವದೇಶಗಳ ವ್ಯಾಪಾರಕ್ಕೆ ಇಳಿದ ಯುರೋಪಿನ ಹಡಗುಗಳಲ್ಲಿ ಸಾಂಬಾರ ಪದಾರ್ಥ, ರೇಷ್ಮೆ, ಪಿಂಗಾಣಿಗಳ ಜೊತೆಗೆ ಈ ಪುಟ್ಟ ನಾಯಿಯೂ ಹಾಲೆಂಡಿಗೆ ಹೋಯಿತು. 1572ರಲ್ಲಿ ಶತ್ರುಗಳು ರಾತ್ರಿ ದಾಳಿ ಮಾಡಿದಾಗ ರಾಜಕುಮಾರ ವಿಲಿಯಮ್‌ನನ್ನು ಎಬ್ಬಿಸಿ ಉಳಿಸಿದ್ದು ಅವನ ನಾಯಿ ಎಂಬ ಕಥೆ ಡಚ್ಚರಲ್ಲಿದೆ. ಡೆಲ್ಫ್ಟ್ ಪಟ್ಟಣದ ಅವನ ಸಮಾಧಿಯಲ್ಲಿ ಕಾಲ ಬಳಿ ನಾಯಿಯೊಂದನ್ನು ಕೆತ್ತಿದ್ದಾರೆ. ಪಗ್ ಪ್ರಿಯರು ಅದು ಪಗ್ ಎಂದೇ ಹೇಳುತ್ತಾರೆ, ಎಲ್ಲರೂ ಒಪ್ಪುವುದಿಲ್ಲ. ಅದೇ ವಂಶದ ಮೂರನೇ ವಿಲಿಯಮ್ 1689ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೇರಿದಾಗ ಅವನ ಪರಿವಾರದ ಪಗ್‌ಗಳ ಕೊರಳಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ್ದರು ಎಂಬ ಪ್ರತೀತಿಯೂ ಇದೆ. ಕಿತ್ತಳೆ ಆ ರಾಜಮನೆತನದ ಬಣ್ಣ.

ಮುಂದಿನ ನೂರು ವರ್ಷ ಪಗ್ ಯುರೋಪಿನ ಸಿರಿವಂತರ ಹುಚ್ಚಾಯಿತು. ಜರ್ಮನಿಯ ಮೈಸನ್ ಕಾರ್ಖಾನೆಯಲ್ಲಿ ಪಿಂಗಾಣಿಯ ಪಗ್‌ಗಳು ತಯಾರಾದವು. 1786ರಲ್ಲಿ ಸ್ಪೇನಿನ ಚಿತ್ರಕಾರ ಗೋಯಾ ಒಬ್ಬ ಶ್ರೀಮಂತ ಮಹಿಳೆಯ ಚಿತ್ರ ಬರೆದಾಗ ಅವಳ ಕಾಲ ಬಳಿ ಪಗ್ ಒಂದನ್ನು ನಿಲ್ಲಿಸಿದ. ಇನ್ನೂ ತಮಾಷೆಯೆಂದರೆ, 1738ರಲ್ಲಿ ಪೋಪರು ಫ್ರೀಮೇಸನ್ ಗುಪ್ತ ಸಂಘಗಳಿಗೆ ಸೇರಬಾರದೆಂದು ಕ್ಯಾಥಲಿಕರಿಗೆ ಅಪ್ಪಣೆ ಮಾಡಿದ ಮೇಲೆ ಜರ್ಮನಿಯಲ್ಲಿ ಪಗ್‌ನ ಹೆಸರಿನಲ್ಲೇ ಒಂದು ಗುಪ್ತ ಸಂಘ ಹುಟ್ಟಿಕೊಂಡಿತು. ಒಳಗೆ ಬರುವ ಹೊಸಬರು ನಾಯಿಯಂತೆ ಬಾಗಿಲು ಕೆರೆಯಬೇಕಾಗಿತ್ತಂತೆ!

ಹೋದಲ್ಲೆಲ್ಲ ಅದಕ್ಕೆ ಒಂದೊಂದು ಹೆಸರು. ಡಚ್ಚರು, ಜರ್ಮನರು ‘ಮಾಪ್ಸ್’ ಎಂದರು. ಫ್ರೆಂಚರು ನಾಟಕದಲ್ಲಿ ಕಪ್ಪು ಮುಖವಾಡ ತೊಡುತ್ತಿದ್ದ ಒಬ್ಬ ವಿದೂಷಕನ ಹೆಸರು ಹಿಡಿದು ‘ಕಾರ್ಲಿನ್’ ಎಂದರು. ನಾವು ಮೊಬೈಲ್ ಕಂಪೆನಿಯ ಹೆಸರಿಟ್ಟೆವು.

ಮೂತಿ ಕುಗ್ಗಿದ ಬಗೆ

ಪಗ್‌ನ ಚರಿತ್ರೆಯಲ್ಲಿ ಮುಖ್ಯವಾದ ಸಾಕ್ಷಿಯೊಂದು ಲಂಡನ್ನಿನ ಟೇಟ್ ಕಲಾಸಂಗ್ರಹದಲ್ಲಿದೆ. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೊಗಾರ್ತ್ 1745ರಲ್ಲಿ ಬರೆದ ತನ್ನದೇ ಚಿತ್ರ ಅದು. ಪಕ್ಕದಲ್ಲಿ ಅವನ ಪಗ್ ಕೂತಿದೆ. ಇಂದಿನ ಪಗ್ ಕಂಡವರು ಆ ಚಿತ್ರ ನೋಡಿದರೆ ಇದು ಬೇರೆ ಜಾತಿಯ ನಾಯಿಯಿರಬೇಕು ಎನ್ನುತ್ತಾರೆ. ಅದಕ್ಕೆ ಸ್ಪಷ್ಟವಾದ ಮೂತಿ ಇದೆ, ಕಾಲು ಉದ್ದವಾಗಿವೆ.

ಹಾಗಾದರೆ ಮೂತಿ ಎಲ್ಲಿ ಹೋಯಿತು? ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲಿದೆ. 1860ರಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಸೇನೆಗಳು ಬೀಜಿಂಗ್ ಬಳಿಯ ಬೇಸಗೆ ಅರಮನೆಗೆ ನುಗ್ಗಿ ಸೂರೆ ಮಾಡಿ ಸುಟ್ಟವು. ಅಲ್ಲಿ ಸಿಕ್ಕಿದ ಚಪ್ಪಟೆ ಮೂತಿಯ ಪೆಕಿನೀಸ್ ನಾಯಿಯೊಂದನ್ನು ಸೇನಾಧಿಕಾರಿಯೊಬ್ಬ ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಒಪ್ಪಿಸಿದ. ಅದಕ್ಕೆ ಇಟ್ಟ ಹೆಸರು ‘ಲೂಟಿ’. ಭಾರತದ ನುಡಿಗಳಿಂದ ಇಂಗ್ಲಿಷಿಗೆ ಹೋದ ಪದ ಅದು, ಅರ್ಥ ವಿವರಿಸಬೇಕಾಗಿಲ್ಲ. ಅದೇ ಕಾಲಘಟ್ಟದಲ್ಲಿ ಚೀನಾದಿಂದ ಲ್ಯಾಂಬ್ ಮತ್ತು ಮಾಸ್ ಎಂಬ ಎರಡು ಪಗ್‌ಗಳೂ ಇಂಗ್ಲೆಂಡಿಗೆ ಬಂದವು. ಅವುಗಳ ಮಗ ಕ್ಲಿಕ್‌ನಿಂದ ಮುಂದೆ ಹಲವು ವಂಶಗಳು ಬೆಳೆದವು. ಹೀಗೆ ಹೊಸದಾಗಿ ಬಂದ ಚೀನೀ ರಕ್ತದಿಂದ ಮೂತಿ ಇನ್ನಷ್ಟು ಕುಗ್ಗಿತು, ಕಾಲು ಗಿಡ್ಡವಾಯಿತು.

ಆ ಹೊತ್ತಿಗೆ ನಾಯಿ ಪ್ರದರ್ಶನಗಳ ಗೀಳೂ ಹತ್ತಿತ್ತು. 1873ರಲ್ಲಿ ಇಂಗ್ಲೆಂಡಿನಲ್ಲಿ ಕೆನೆಲ್ ಕ್ಲಬ್ ಸ್ಥಾಪನೆಯಾಯಿತು, 1883ರಲ್ಲಿ ಪಗ್‌ಗೇ ಪ್ರತ್ಯೇಕ ಕ್ಲಬ್ಬು. ಒಂದೊಂದು ತಳಿ ಹೇಗಿರಬೇಕೆಂದು ಬರಹದಲ್ಲಿ ಲಕ್ಷಣ ಕಟ್ಟಿಕೊಟ್ಟರು. ಲಕ್ಷಣದಲ್ಲಿ ‘ಗಿಡ್ಡ ಮೂತಿ’ ಎಂದಿದ್ದರೆ ಇನ್ನೂ ಗಿಡ್ಡ ಮೂತಿಯದಕ್ಕೆ ಬಹುಮಾನ. ಬಹುಮಾನ ಪಡೆದ ನಾಯಿಯ ಮರಿಗಳಿಗೆ ಬೇಡಿಕೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಮೂತಿ ಹಿಂದಕ್ಕೆ ಸರಿಯುತ್ತಾ ಹೋಗಿ ಮುಖದೊಳಗೆ ಅಡಗಿತು.

ಬಾಲದ ಕಥೆಯೂ ಇದೇ. ನಾಯಿ ಬಾಲ ಡೊಂಕು ಎಂದು ನಾವು ಗಾದೆ ಕಟ್ಟಿ ಸುಮ್ಮನಾದೆವು. ಪಗ್ ಸಾಕುವವರು ಅದು ಸಾಲದೆಂದು ಎರಡು ಸುತ್ತು ಸುರುಳಿ ಬೇಕೆಂದರು. ಆ ಸುರುಳಿಯ ಜೊತೆಗೆ ಬೆನ್ನುಮೂಳೆಯ ಮಣಿಗಳು ವಕ್ರವಾಗಿ ರೂಪುಗೊಳ್ಳುವ ದೋಷವೂ ಈ ತಳಿಯಲ್ಲಿ ಉಳಿದುಬಂತು. ಕೆಲವು ನಾಯಿಗಳಲ್ಲಿ ಹಿಂಗಾಲು ಸೋಲುವುದಕ್ಕೆ ಇದು ಕಾರಣ.

ಜಾಗವಿಲ್ಲದ ಮನೆ

ಮೂತಿ ಗಿಡ್ಡವಾದರೆ ಏನಾಯಿತು ಎಂದು ಕೇಳಬಹುದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಪಾದದ ಅಡಿಯಲ್ಲಿ ತುಸು ಬೆವರುತ್ತದೆ ಅಷ್ಟೆ. ಮೈಯ ಬಿಸಿ ಹೊರಹೋಗುವುದು ಮುಖ್ಯವಾಗಿ ಉಸಿರಿನ ಮೂಲಕ. ಅದಕ್ಕೇ ನಾಯಿ ನಾಲಿಗೆ ಚಾಚಿ ಏದುವುದು. ಉದ್ದ ಮೂತಿಯೊಳಗೆ ಸುರುಳಿ ಸುತ್ತಿದ ತೆಳು ಮೂಳೆಗಳಿದ್ದು, ಅವುಗಳ ಮೇಲಿನ ಪೊರೆ ಸದಾ ಒದ್ದೆಯಾಗಿರುತ್ತದೆ. ಹಾದುಹೋಗುವ ಗಾಳಿ ಆ ತೇವವನ್ನು ಆರಿಸುತ್ತದೆ, ರಕ್ತ ತಂಪಾಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ಬಗೆಯಲ್ಲಿ.

ಪಗ್‌ನಲ್ಲಿ ತಲೆಬುರುಡೆಯ ಮೂಳೆ ಗಿಡ್ಡವಾಯಿತೇ ಹೊರತು ಒಳಗಿನ ಮೃದು ಭಾಗಗಳು ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ನಾಲಿಗೆ, ಅಂಗುಳು, ಚರ್ಮ ಎಲ್ಲ ಹಿಂದಿನಂತೆಯೇ ಇವೆ. ದೊಡ್ಡ ಮನೆಯ ಸಾಮಾನನ್ನೆಲ್ಲ ವಠಾರದ ಒಂದೇ ಕೋಣೆಗೆ ತುಂಬಿದಂತೆ! ಹೆಚ್ಚಾದ ಚರ್ಮ ಹೊರಗೆ ಸುಕ್ಕಾಗಿ ಕಾಣುತ್ತದೆ. ಒಳಗೆ ಉದ್ದವಾದ ಮೆದು ಅಂಗುಳು ಗಂಟಲ ದಾರಿಗೆ ಜೋತುಬೀಳುತ್ತದೆ. ಮೂಗಿನ ಹೊಳ್ಳೆಗಳು ಸೀಳಿನಂತೆ ಕಿರಿದಾಗಿರುತ್ತವೆ. ಕಿರಿದಾದ ದಾರಿಯಲ್ಲಿ ಗಾಳಿ ಎಳೆಯಲು ನಾಯಿ ಹೆಚ್ಚು ಬಲ ಹಾಕಬೇಕು. ಆ ಸೆಳೆತಕ್ಕೆ ಗಂಟಲಿನ ಮೃದು ಭಾಗಗಳು ಊದಿಕೊಳ್ಳುತ್ತವೆ, ದಾರಿ ಇನ್ನೂ ಕಿರಿದಾಗುತ್ತದೆ. ತಂಪಾಗಲೆಂದು ಏದಿದರೆ ಏದುವ ಶ್ರಮದಿಂದಲೇ ಮೈ ಮತ್ತಷ್ಟು ಕಾಯುತ್ತದೆ.

ಪಗ್ ಗೊರಕೆ ಹೊಡೆಯುವುದನ್ನು ನೋಡಿ ನಗುವವರಿದ್ದಾರೆ. ‘ಈ ಜಾತಿಯೇ ಹಾಗೆ’ ಎನ್ನುವವರೂ ಇದ್ದಾರೆ. ಎಚ್ಚರವಿದ್ದಾಗಲೂ ಗೊರಗೊರ ಸದ್ದು, ನಾಲ್ಕು ಹೆಜ್ಜೆ ನಡೆದರೆ ಸುಸ್ತು, ಮಲಗಿದರೆ ಉಸಿರುಕಟ್ಟಿ ಎಚ್ಚರಾಗುವುದು, ಕೂತೇ ನಿದ್ದೆ ಮಾಡುವುದು, ತಿಂದದ್ದನ್ನು ಕಕ್ಕುವುದು ಇವೆಲ್ಲ ಜಾತಿಯ ಗುಣಗಳಲ್ಲ, ಉಸಿರಾಟದ ತೊಂದರೆಯ ಲಕ್ಷಣಗಳು.

ಕಣ್ಣಿನ ಕಷ್ಟ ಬೇರೆ. ಕಣ್ಣುಗೂಡು ಆಳವಿಲ್ಲದ್ದರಿಂದ ಗುಡ್ಡೆ ಹೊರಗೆ ಚಾಚಿರುತ್ತದೆ. ರೆಪ್ಪೆ ಪೂರ್ತಿ ಮುಚ್ಚದು, ಮೂಗಿನ ಮೇಲಿನ ಸುಕ್ಕಿನ ಕೂದಲು ಕಣ್ಣಿಗೆ ಉಜ್ಜುತ್ತದೆ. ಇದರಿಂದ ಹುಣ್ಣಾಗುವುದು ಸಾಮಾನ್ಯ. ಕತ್ತಿನ ಪಟ್ಟಿ ಜಗ್ಗಿದರೆ ಅಥವಾ ದೊಡ್ಡ ನಾಯಿ ಕಚ್ಚಿದರೆ ಕಣ್ಣುಗುಡ್ಡೆ ಗೂಡಿನಿಂದ ಹೊರಬರುವುದೂ ಉಂಟು.

ಅಂಕಿಅಂಶ, ಕಾನೂನು

ಇದು ನಾಯಿಪ್ರಿಯರ ಅತಿ ಕಾಳಜಿ ಎನ್ನುವಂತಿಲ್ಲ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಬ್ರಿಟನ್ನಿನ 4,308 ಪಗ್‌ಗಳನ್ನೂ 21,835 ಇತರ ನಾಯಿಗಳನ್ನೂ ಹೋಲಿಸಿದ ವರದಿ ಪ್ರಕಟಿಸಿದರು. ಒಂದು ವರ್ಷದ ಅವಧಿಯಲ್ಲಿ ಯಾವುದಾದರೂ ಕಾಯಿಲೆಗೆ ತುತ್ತಾಗುವ ಸಂಭವ ಪಗ್‌ನಲ್ಲಿ ಸುಮಾರು 1.9 ಪಟ್ಟು ಹೆಚ್ಚು. ಚಪ್ಪಟೆ ಮೂತಿಯಿಂದ ಬರುವ ಉಸಿರಾಟದ ತೊಂದರೆಯಂತೂ ಸುಮಾರು 54 ಪಟ್ಟು ಹೆಚ್ಚು. ಸ್ವಭಾವದ ವಿಷಯದಲ್ಲಿ ಪಗ್ ಗೆದ್ದಿತು. ಮೈಮೇಲೆ ಬೀಳುವ ಸಿಟ್ಟು ಅದರಲ್ಲಿ ಇತರ ನಾಯಿಗಳಿಗಿಂತ ಕಡಿಮೆ. ಆರೋಗ್ಯದ ದೃಷ್ಟಿಯಿಂದ ಮಾತ್ರ ಇದನ್ನು ಸಾಮಾನ್ಯ ನಾಯಿಯೆಂದು ಪರಿಗಣಿಸಲು ಬರುವುದಿಲ್ಲ ಎಂಬುದು ಅವರ ತೀರ್ಮಾನ.

ಮೊದಲ ಕಠಿಣ ಹೆಜ್ಜೆ ಇಟ್ಟ ದೇಶಗಳಲ್ಲಿ ಒಂದು ನೆದರ್ಲೆಂಡ್ಸ್. ಪಗ್ಗನ್ನು ಯುರೋಪಿಗೆ ಪರಿಚಯಿಸಿದ ಅದೇ ಡಚ್ಚರ ನಾಡು! ಮರಿಗಳಿಗೆ ತೊಂದರೆ ತರುವ ರೂಪದ ಪ್ರಾಣಿಗಳನ್ನು ತಳಿಮಾಡಬಾರದೆಂದು 2014ರಲ್ಲಿ ಅಲ್ಲಿ ನಿಯಮ ಬಂತು. 2019ರಲ್ಲಿ ಅದಕ್ಕೆ ಅಳತೆಗೋಲನ್ನೂ ಕೊಟ್ಟರು. ಮೂತಿಯ ಉದ್ದ ತಲೆಬುರುಡೆಯ ಉದ್ದದ ಸುಮಾರು ಮೂರನೇ ಒಂದು ಭಾಗವಾದರೂ ಇರಬೇಕು, ಅದಕ್ಕಿಂತ ಗಿಡ್ಡ ಮೂತಿಯ ನಾಯಿಗಳಿಂದ ಮರಿ ಪಡೆಯುವಂತಿಲ್ಲ.

ಕೊಳ್ಳುವ ಮುನ್ನ

ನಮ್ಮ ದೇಶದಲ್ಲಿ ಮೂತಿಯ ಅಳತೆಗೆ ಇಂಥ ಕಟ್ಟಳೆಯಿಲ್ಲ. ಆದರೆ 2017ರಲ್ಲಿ ಕೇಂದ್ರ ಸರ್ಕಾರ ನಾಯಿಗಳ ತಳಿ ಬೆಳೆಸುವಿಕೆ ಮತ್ತು ಮಾರಾಟದ ಬಗ್ಗೆ ನಿಯಮಗಳನ್ನು ಹೊರಡಿಸಿದೆ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ಕೊಳ್ಳುವವರ ಹಕ್ಕು. ಚೆನ್ನೈನಲ್ಲಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಮರಿಯ ವಂಶ ಹೇಳುತ್ತದೆ, ಆರೋಗ್ಯದ ಭರವಸೆ ಕೊಡುವುದಿಲ್ಲ. ಇವೆರಡನ್ನೂ ಒಂದೆಂದು ತಿಳಿಯಬಾರದು.

ಮರಿಯನ್ನು ನೋಡುವ ಮೊದಲು ತಾಯಿಯನ್ನು ನೋಡಿ. ಸಾಧ್ಯವಾದರೆ ತಂದೆಯನ್ನೂ ನೋಡಿ. ಉಸಿರಾಟದ ತೊಂದರೆ ಬಹುತೇಕ ನಾಯಿ ಬೆಳೆದ ಮೇಲೆ ಹೊರಬೀಳುವುದರಿಂದ ಮರಿ ಸಲೀಸಾಗಿ ಉಸಿರಾಡಿದ ಮಾತ್ರಕ್ಕೆ ನೆಚ್ಚುವಂತಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯರು ರೂಪಿಸಿದ ಪರೀಕ್ಷೆಯಲ್ಲಿ ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲೂ ಆಮೇಲೂ ಗಂಟಲ ಸದ್ದನ್ನು ಸ್ಟೆತಾಸ್ಕೋಪಿನಿಂದ ಆಲಿಸುತ್ತಾರೆ. ನಮ್ಮಲ್ಲಿ ಅಷ್ಟು ವ್ಯವಸ್ಥೆ ಸಿಗದಿದ್ದರೂ ತಾಯಿ ನಾಯಿಯನ್ನು ಮೂರು ನಿಮಿಷ ಓಡಾಡಿಸಿ ತೋರಿಸಿ ಎನ್ನಬಹುದು. ಗೊರಗೊರ ಸದ್ದು ಹೆಚ್ಚಾದರೆ, ನಾಯಿ ಕುಸಿದು ಕೂತರೆ ಆ ಮನೆಯ ಮರಿ ಬೇಡ. ತೋರಿಸಲು ಒಪ್ಪದವರಿಂದಲೂ ಬೇಡ.

ಹೊಳ್ಳೆಗಳು ತೆರೆದಿರಬೇಕು, ಗೆರೆ ಎಳೆದಂತಿರಬಾರದು. ಮಲಗಿದಾಗ ಕಣ್ಣು ಪೂರ್ತಿ ಮುಚ್ಚಬೇಕು. ಇರುವ ಮರಿಗಳಲ್ಲಿ ಎಲ್ಲಕ್ಕಿಂತ ಚಪ್ಪಟೆ ಮೂತಿಯದನ್ನು ಮಾರುವವರು ‘ಷೋ ಕ್ವಾಲಿಟಿ’ ಎಂದು ಹೆಚ್ಚು ಬೆಲೆಗೆ ಮುಂದಿಟ್ಟರೆ ನೀವು ಮೂತಿ ಉದ್ದ ಇರುವುದನ್ನು ಆರಿಸಿಕೊಳ್ಳಿ. ಸಾಕಲಾಗದೆ ಬಿಟ್ಟುಹೋದ ಬೆಳೆದ ಪಗ್‌ಗಳು ನಗರಗಳ ಪ್ರಾಣಿ ಆಶ್ರಯಗಳಲ್ಲಿ ಸಿಗುವುದುಂಟು. ಅವುಗಳ ಉಸಿರಾಟ ಹೇಗಿದೆ ಎಂಬುದು ಮೊದಲೇ ಗೊತ್ತಾಗುವುದು ಒಂದು ಅನುಕೂಲ, ಹೊಸ ಮರಿಗಳಿಗೆ ಬೇಡಿಕೆ ಹುಟ್ಟದಿರುವುದು ಇನ್ನೊಂದು.

ಮನೆಗೆ ಬಂದ ಮೇಲೆ

ಪಗ್‌ಗೆ ಮೊದಲ ಶತ್ರು ಬಿಸಿಲು. ಬೇಸಗೆಯಲ್ಲಿ ಕಲಬುರಗಿ, ರಾಯಚೂರುಗಳ ಮಾತಿರಲಿ, 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಪಾದರಸ 38 ಡಿಗ್ರಿ ದಾಟಿತ್ತು. ಬೆಳಿಗ್ಗೆ ಬಿಸಿಲೇರುವ ಮುನ್ನ, ಸಂಜೆ ನೆಲ ಆರಿದ ಮೇಲೆ ಮಾತ್ರ ಸುತ್ತಾಡಿಸಬೇಕು. ರಸ್ತೆಯ ಮೇಲೆ ಅಂಗೈ ಹಿಂಭಾಗವನ್ನು ಕೆಲವು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೂ ಆಗದು. ಮುಚ್ಚಿದ ಕಾರಿನಲ್ಲಿ ಐದೇ ನಿಮಿಷವೆಂದೂ ಬಿಟ್ಟುಹೋಗಬಾರದು. ಕೊರಳ ಪಟ್ಟಿಗೆ ಹಗ್ಗ ಕಟ್ಟಿ ಜಗ್ಗುವುದಕ್ಕಿಂತ ಎದೆಗೆ ತೊಡಿಸುವ ಪಟ್ಟಿ ಒಳ್ಳೆಯದು.

ನಾಯಿಯ ಸಹಜ ತಾಪ 38ರಿಂದ 39 ಡಿಗ್ರಿ ಸೆಲ್ಷಿಯಸ್. ಅದು 41ಕ್ಕೆ ಏರಿದರೆ ಪ್ರಾಣಕ್ಕೆ ಅಪಾಯ. ಒಂದೇ ಸಮನೆ ಜೋರಾಗಿ ಏದುವುದು, ಜೊಲ್ಲು ಸುರಿಯುವುದು, ನಾಲಿಗೆ ಕಡುಗೆಂಪು ಅಥವಾ ನೀಲಿಗಟ್ಟುವುದು, ತೂರಾಡುವುದು ಕಂಡರೆ ಕೂಡಲೇ ನೆರಳಿಗೆ ತಂದು ಮೈಮೇಲೆ ನಲ್ಲಿಯ ತಣ್ಣೀರು ಸುರಿದು ಫ್ಯಾನಿನ ಗಾಳಿಗೆ ಒಡ್ಡಬೇಕು. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಪಶುವೈದ್ಯರ ಈಗಿನ ಸಲಹೆ.

ಎರಡನೆಯ ಶತ್ರು ನಮ್ಮ ಪ್ರೀತಿ. ಪಗ್‌ನ ತೂಕ ಆರರಿಂದ ಎಂಟು ಕೆ.ಜಿ. ಇದ್ದರೆ ಸರಿ. ಅದು ತಿಂಡಿಪೋತ, ನೋಟವೋ ಕಲ್ಲು ಕರಗಿಸುವಂಥದ್ದು. ಕಾಫಿಯ ಜೊತೆಗಿನ ಬಿಸ್ಕತ್ತು, ಊಟದ ಕೊನೆಯ ತುತ್ತು ಎಂದು ಮನೆಮಂದಿಯೆಲ್ಲ ಒಂದೊಂದು ಕೊಟ್ಟರೆ ಕೊಬ್ಬು ಗಂಟಲ ಸುತ್ತಲೂ ಸೇರಿ ಉಸಿರಿನ ದಾರಿ ಇನ್ನೂ ಇಕ್ಕಟ್ಟಾಗುತ್ತದೆ. ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ತಗುಲಬೇಕು, ಅದೇ ತಕ್ಕಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಯಾವ ನಾಯಿಗೂ ಕೊಡಬಾರದು.

ಮುಖದ ಸುಕ್ಕುಗಳ ನಡುವೆ ತೇವ ನಿಂತರೆ ಕೊಳೆತು ವಾಸನೆ ಬರುತ್ತದೆ. ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ಹೀರಿಸಬೇಕು. ಕಣ್ಣು ಕೆಂಪಾದರೆ, ನಾಯಿ ಕಣ್ಣು ಕಿರಿದು ಮಾಡಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ರೇಬೀಸ್ ಮೊದಲಾದ ಲಸಿಕೆಗಳು, ಜಂತುಹುಳುವಿನ ಔಷಧ, ಉಣ್ಣೆಹುಳುವಿನ ತಡೆ ಎಲ್ಲ ನಾಯಿಗಳಿಗೆ ಇರುವಂತೆ ಇದಕ್ಕೂ ಇವೆ. ಹೊಳ್ಳೆ ಅಗಲಿಸುವ, ಉದ್ದ ಅಂಗುಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದರಿಂದ ಎಷ್ಟೋ ನಾಯಿಗಳಿಗೆ ನೆಮ್ಮದಿ ಸಿಗುತ್ತದೆ, ಆದರೆ ಮೂತಿ ಮರಳಿ ಬರುವುದಿಲ್ಲ. ಈ ನಾಯಿಗಳಿಗೆ ಅರಿವಳಿಕೆ ಕೊಡುವಾಗ ಹೆಚ್ಚಿನ ಎಚ್ಚರ ಬೇಕು. ಹಲವು ವಿಮಾನ ಕಂಪೆನಿಗಳು ಚಪ್ಪಟೆ ಮೂತಿಯ ನಾಯಿಗಳನ್ನು ಸರಕಿನ ಕೋಣೆಯಲ್ಲಿ ಒಯ್ಯಲು ನಿರಾಕರಿಸುವುದೂ ಉಸಿರಿನ ಭಯದಿಂದಲೇ.

ಇನ್ನೊಂದು ಮಾತು. ಜೊತೆಗಿರಲೆಂದೇ ಬೆಳೆಸಿದ ತಳಿ ಇದು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋಗಿ ರಾತ್ರಿ ಬರುವ ಮನೆಯಲ್ಲಿ ಪಗ್ ಕೊರಗುತ್ತದೆ. ಕಾವಲಿಗೂ ಅದು ಆಗದು, ಕಳ್ಳ ಬಂದರೆ ಅವನ ಮಡಿಲನ್ನೂ ಹುಡುಕೀತು!

ಹೊಗಾರ್ತನ ಪಗ್‌ಗೆ ಮೂತಿಯಿತ್ತು. ಜನರು ಚಪ್ಪಟೆ ಮುಖವೇ ಚೆಂದ ಎಂದದ್ದರಿಂದ ಅದು ಹೋಯಿತು. ಕೊಳ್ಳುವವರು ಸಲೀಸಾಗಿ ಉಸಿರಾಡುವ ನಾಯಿಯೇ ಚೆಂದ ಎನ್ನತೊಡಗಿದರೆ ಮಾರುವವರೂ ಅಂಥದ್ದನ್ನೇ ಬೆಳೆಸುತ್ತಾರೆ. ಉದ್ದ ಮೂತಿಯ ಪಗ್‌ಗಳನ್ನು ಮರಳಿ ತರುವ ಯತ್ನ ಜರ್ಮನಿಯಲ್ಲಿ ಬೇರೆ ತಳಿಯ ರಕ್ತ ಬೆರೆಸಿ ನಡೆದಿದೆ. ಅದು ನಮ್ಮ ಊರಿಗೆ ಬರುವವರೆಗೆ ಕೊಳ್ಳುವವರ ಕೈಲಾಗುವುದು ಇಷ್ಟು: ಮರಿಯ ಮುಖ ನೋಡುವ ಮೊದಲು ಅದರ ತಾಯಿಯ ಉಸಿರನ್ನು ಕೇಳಿಸಿಕೊಳ್ಳುವುದು.